ಬೆರಳಿಟ್ಟು ಓದಿದ ಚಿಗವ್ವ

ಹೋದ ವಾರ ಮೊಮ್ಮಗಳು ಹಾಸ್ಟೆಲಿಗೆ ಹೊರಟಳು. ಸೊಸೆ ಅವಳಿಗೆಂದು ಪೇಟೆಯಿಂದ ಹೊಸ ಚಾದರ ತಂದು, ಕಟ್ಟು ಬಿಚ್ಚಿ, ಮಂಚದ ಮೇಲೆ ಹಾಸಿದಳು. ಪಕ್ಕದ ಕೋಣೆಯಲ್ಲಿ ಕೂತಿದ್ದ ನನಗೆ ಮೊದಲು ಮುಟ್ಟಿದ್ದು ಅದರ ವಾಸನೆ. ಗಂಜಿ ಕುಡಿದ ನೂಲಿನ ವಾಸನೆ, ಇನ್ನೂ ನೀರು ಕಾಣದ ಬಣ್ಣದ ವಾಸನೆ... ಎದ್ದು ಹೋಗಿ ಅದರ ಅಂಚನ್ನು ಮೂಗಿಗೆ ಹಿಡಿದೆ.

"ಆಯಿ, ಚಾದರ ಹೊಚ್ಕೊಳೂದು, ಮೂಸೂದಲ್ಲ" ಎಂದು ಮೊಮ್ಮಗಳು ನಕ್ಕಳು.

ಆ ಹೊತ್ತಿಗೆ ನಾನು ಸೊಲ್ಲಾಪುರದ ನಮ್ಮ ಹಳೆಯ ಓಣಿಗೆ ಹೋಗಿಬಿಟ್ಟಿದ್ದೆ. ಹತ್ತು ವರ್ಷದ ಹುಡುಗಿ, ಕೈಯಲ್ಲಿ ಅಪ್ಪನ ಬುತ್ತಿ, ಎದುರಿಗೆ ಕಾರಖಾನೆಯ ಬಾಗಿಲು. ಒಳಗೆ ರಾಟಿಯ ಮುಂದೆ ಚಿಗವ್ವ ಕೂತಿದ್ದಳು.

ಅವಳು ನಮಗೆ ರಕ್ತಸಂಬಂಧಿಯಲ್ಲ. ಹಲವು ಸಂಸಾರಗಳಿದ್ದ ನಮ್ಮ ವಾಡೆಯಲ್ಲಿ ಗೋಡೆಯ ಆಚೆಗಿನ ಒಂದೇ ಖೋಲಿಯಲ್ಲಿ ಇರುತ್ತಿದ್ದಳು. ಓಣಿಯ ಮಕ್ಕಳೆಲ್ಲ ಚಿಗವ್ವ ಎಂದು ಕರೆಯುತ್ತಿದ್ದುದರಿಂದ ನನಗೂ ಚಿಗವ್ವ. ತವರು ಅಕ್ಕಲಕೋಟೆ ತಾಲೂಕಿನಲ್ಲಿ, ಮೈಂದರ್ಗಿಯ ಹತ್ತಿರದ ಒಂದು ಹಳ್ಳಿ. ಹೊಲಮನೆ ಇದ್ದವರೇ. ಆದರೆ ಆ ಮನೆಯ ಹೆಣ್ಣುಮಕ್ಕಳಿಗೆ ಸಾಲೆಯ ಕಟ್ಟೆ ಹೇಗಿರುತ್ತದೆಂದು ಗೊತ್ತಿರಲಿಲ್ಲ. ಮದುವೆಯಾಗಿ ಸೊಲ್ಲಾಪುರಕ್ಕೆ ಬಂದಳು. ಗಂಡ ಗಿರಣಿಯಲ್ಲಿ ಕೆಲಸಕ್ಕಿದ್ದ. ಆರು ವರ್ಷ ಬಾಳ್ವೆ ಮಾಡಿ, ಹದಿನೈದು ದಿನದ ಜ್ವರದಲ್ಲಿ ತೀರಿಕೊಂಡ. ಮಕ್ಕಳಿರಲಿಲ್ಲ. ಅಣ್ಣಂದಿರು ಕರೆದೊಯ್ಯಲು ಬಂದರಂತೆ. "ಅಲ್ಲಿ ಬಂದ್ರ ಅತ್ತಿಗಿಗೋಳ ಒಲಿ ಮುಂದ ಕೂಡಬೇಕು. ಇಲ್ಲೇ ಇದ್ರ ನನ್ನ ಒಲಿ ನನಗ ಅದ" ಎಂದು ಹೇಳಿ ಕಳಿಸಿದಳಂತೆ. ಮುಂದೆ ಓಣಿಯ ತುದಿಯ ಚಾದರದ ಕಾರಖಾನೆಯಲ್ಲಿ ಕಂಡಿಕೆ ಸುತ್ತುವ ಕೆಲಸ ಹಿಡಿದಳು. ನೇಯುವವರ ಲಾಳಿಯಲ್ಲಿ ಕೂಡುವ ನೂಲಿನ ಸುತ್ತು ಅದು. ನನ್ನಪ್ಪ ಅಲ್ಲೇ ನೇಯುತ್ತಿದ್ದ.

ಅವಳ ಓದು ಸುರುವಾದದ್ದು ಒಂದು ತಪ್ಪು ಬಸ್ಸಿನಿಂದ.

ತಾಯಿಗೆ ಮೈಯಲ್ಲಿ ನೆಟ್ಟಗಿಲ್ಲ, ಕೂಡಲೇ ಬಾ ಎಂದು ಊರಿನವರು ಯಾರೋ ಬಂದು ಹೇಳಿದರು. ರೈಲಿನ ಹೊತ್ತು ಮೀರಿತ್ತು. ಚಿಗವ್ವ ಎಸ್‌ಟಿ ಬಸ್ ನಿಲ್ದಾಣಕ್ಕೆ ಓಡಿದಳು. ಗಂಡ ಬದುಕಿದ್ದಾಗ ಮೈಂದರ್ಗಿ ಗಾಡಿಯ ಹಲಗೆ ತೋರಿಸಿ, ಮೊದಲನೆಯ ಈ ಅಕ್ಷರ ನೋಡಿ ಹತ್ತು ಎಂದು ಹೇಳಿಕೊಟ್ಟಿದ್ದನಂತೆ. ಆ ಅಕ್ಷರ ನೋಡಿಯೇ ಹತ್ತಿದಳು. ಆದರೆ ಸೊಲ್ಲಾಪುರದಿಂದ ಆ ಅಕ್ಷರದ ಊರಿಗೆ ಹೋಗುವ ಬಸ್ಸು ಒಂದೇ ಅಲ್ಲ. ಮಂದ್ರೂಪಕ್ಕೂ ಅದೇ 'ಮ', ಮಂಗಳವೇಢೆಗೂ ಅದೇ. ಗದ್ದಲದಲ್ಲಿ ಕಂಡಕ್ಟರ್ ಅವಳ ಹತ್ತಿರ ಬರುವಷ್ಟರಲ್ಲಿ ಬಸ್ಸು ಮಂಗಳವೇಢೆಯ ದಾರಿಯಲ್ಲಿ ಬಹಳ ದೂರ ಬಂದಿತ್ತು. ಬಟ್ಟಬಯಲಲ್ಲಿ, ಜೋಳದ ಹೊಲದ ಬದಿಗೆ ಇಳಿಸಿ ಹೋದರು. ತಿರುಗಿ ಬರುವ ಗಾಡಿ ಸಿಕ್ಕಿದ್ದು ಸಂಜೆಗೆ. ಮರುದಿನ ಊರು ಮುಟ್ಟಿದಾಗ ತಾಯಿಯನ್ನು ಮಣ್ಣು ಮಾಡಿ ಬಂದವರು ಕೈಕಾಲು ತೊಳೆಯುತ್ತಿದ್ದರಂತೆ...

ಈ ಮಾತನ್ನು ಅವಳು ನನ್ನ ಅವ್ವನ ಮುಂದೆ ಒಂದೇ ಸಲ ಹೇಳಿದಳು. ಅಳಲಿಲ್ಲ. ಕೊನೆಗೆ ಅಂದದ್ದು ಇಷ್ಟೇ: "ನಮ್ಮವ್ವ ಬಾಗಲ ಕಡಿ ನೋಡ್ಕೋತ ಜೀವಾ ಬಿಟ್ಟಳಂತ. ನಾ ಕುರುಡಿ ಅಲ್ಲ, ಕಣ್ಣ ಅವ ನನಗ. ಆದ್ರೂ ಹಲಗಿ ಕಾಣಲಿಲ್ಲ ನೋಡಕ್ಕಾ."

ಆ ದಿನಗಳಲ್ಲಿ ಸರಕಾರದವರು ದೊಡ್ಡವರಿಗೂ ಅಕ್ಷರ ಕಲಿಸಲು ಅಲ್ಲಲ್ಲಿ ವರ್ಗ ತೆರೆದಿದ್ದರು. ನಮ್ಮ ಓಣಿಯ ಹಿಂದಿನ ಸಾಲೆಯಲ್ಲಿ ಮಧ್ಯಾಹ್ನ ಹೆಂಗಸರಿಗೊಂದು ವರ್ಗ ನಡೆಯುತ್ತಿತ್ತು. ಕಲಿಸುವ ಅಕ್ಕೋರು ಮರಾಠಿಯವರು. ಚಿಗವ್ವ ಉಣ್ಣುವ ಹೊತ್ತನ್ನು ಅಲ್ಲಿಗೆ ಕೊಟ್ಟಳು. ರೊಟ್ಟಿಗೆ ಶೇಂಗಾ ಚಟ್ನಿ ಸವರಿ, ಸುರುಳಿ ಮಾಡಿ, ದಾರಿಯಲ್ಲೇ ತಿನ್ನುತ್ತ ಹೋಗುತ್ತಿದ್ದಳು. ಓಣಿಯ ಹೆಂಗಸರು ಬಾಯಿಗೆ ಸೆರಗು ಒತ್ತಿ ನಗುತ್ತಿದ್ದರು. "ಮಾಮಲೇದಾರ ಆಗಾಕ ಹೊಂಟಾಳ" ಎನ್ನುತ್ತಿದ್ದರು. "ಆದ್ರ ನಿಮಗ ಛಲೋ ಆಗ್ತದಲ್ಲ" ಎಂದು ಅವಳು ನಿಲ್ಲದೆ ನಡೆಯುತ್ತಿದ್ದಳು.

ಸಂಜೆ ನನ್ನ ಪಾಟಿ ಅವಳ ಕೈಗೆ ಹೋಗುತ್ತಿತ್ತು. ನನ್ನದು ಕನ್ನಡ ಸಾಲೆ, ಆದರೂ ಮರಾಠಿ ಅಕ್ಷರ ಅಷ್ಟೊತ್ತಿಗೆ ಕಲಿತಿದ್ದೆ. ಕಂಡಿಕೆ ಸುತ್ತಿ ಸುತ್ತಿ ಅವಳ ಬೆರಳ ತುದಿಗಳಲ್ಲಿ ನೂಲಿನ ಗೆರೆ ಬಿದ್ದಿದ್ದವು. ಆ ಬೆರಳಿಗೆ ಬಳಪ ಒಗ್ಗುತ್ತಿರಲಿಲ್ಲ. ಒತ್ತಿದರೆ ಮುರಿಯುತ್ತಿತ್ತು. ಎಲ್ಲಕ್ಕಿಂತ ಕಾಡಿದ್ದು 'ಖ' ಅಕ್ಷರ. ಮರಾಠಿಯಲ್ಲಿ ಅದು 'ರ' ಮತ್ತು 'ವ' ಪಕ್ಕಪಕ್ಕ ನಿಂತಂತೆ ಕಾಣುತ್ತದೆ. ಕೆಳಗೆ ಎರಡೂ ಕೂಡಿದರೆ 'ಖ', ಬಿಟ್ಟರೆ 'ರವ'. ಚಿಗವ್ವ ದಿನಾ ಬಿಡುತ್ತಿದ್ದಳು. ಅಕ್ಕೋರು ದಿನಾ ಅಳಿಸುತ್ತಿದ್ದರು. ಒಂದು ಸಂಜೆ ಪಾಟಿಯ ಎರಡೂ ಮಗ್ಗುಲಿಗೆ ಬರೀ 'ಖ' ತುಂಬಿಸಿ, ಪ್ರತಿಯೊಂದರ ತಳವನ್ನೂ ಬೆರಳಿನಿಂದ ಮುಟ್ಟಿ ನೋಡಿ, "ಈಗ ಕೂಡ್ಯಾವ" ಎಂದು ಉಸಿರು ಬಿಟ್ಟಳು. ನನಗೆ ಬೇಜಾರು. ನಾನು ಇಡೀ ಶಬ್ದವನ್ನು ಒಂದೇ ನೋಟಕ್ಕೆ ನುಂಗುವವಳು. ಅವಳು ಒಂದೊಂದೇ ಅಕ್ಷರದ ಮೇಲೆ ಬೆರಳಿಟ್ಟು, ತುಟಿ ಅಲ್ಲಾಡಿಸಿ, ದಾಟುವವಳು.

ಆ ಬೇಸಿಗೆ ಕಾರಖಾನೆಗೆ ಕೆಟ್ಟ ಕಾಲ. ಎಂಟು ಮಗ್ಗದಲ್ಲಿ ಐದು ಸುಮ್ಮನೆ ನಿಂತಿದ್ದವು. ನನ್ನ ನಾಲ್ಕನೆಯ ಇಯತ್ತೆ ಮುಗಿಯುತ್ತಿತ್ತು. "ಇನ್ನ ಸಾಲಿ ಸಾಕು. ಇಕೀನೂ ಕಂಡಿಕಿ ಸುತ್ತಲಿ" ಎಂದು ಅಪ್ಪ ಅವ್ವನಿಗೆ ಹೇಳಿದ್ದು ನನ್ನ ಕಿವಿಗೆ ಬಿದ್ದಿತ್ತು. ಅಪ್ಪ ಕೆಟ್ಟವನಲ್ಲ. ಅವನಿಗೆ ಓದಿನಿಂದ ಹೊಟ್ಟೆ ತುಂಬಿದವರು ಯಾರೂ ಗೊತ್ತಿರಲಿಲ್ಲ, ಅಷ್ಟೇ.

ಆಗ ಮುಂಬೈಯ ಒಬ್ಬ ವ್ಯಾಪಾರಿಯಿಂದ ಕೆಲಸ ಬಂತು. ಲಗ್ನಸರಾಯಿಗೆ, ಅಂದರೆ ಮದುವೆಯ ದಿನಗಳಿಗೆ, ಚಾದರಗಳು ಬೇಕು. ನಾಲ್ಕೂ ಮೂಲೆಗೆ ನವಿಲು, ನಡುವೆ ಮರಾಠಿ ಅಕ್ಷರದಲ್ಲಿ 'ಸುಖೀ ಭವ'. ಮೊದಲು ಎರಡು ಮಾದರಿ ಕಳಿಸಬೇಕು. ಅವು ಒಪ್ಪಿಗೆಯಾದರೆ ವರ್ಷವಿಡೀ ಎಂಟೂ ಮಗ್ಗಕ್ಕೆ ಕೆಲಸ. ಒಪ್ಪದಿದ್ದರೆ ಅವನು ಬೇರೆ ಕಾರಖಾನೆ ನೋಡಿಕೊಳ್ಳುತ್ತಾನೆ. ಅವನು ಆ ಅಕ್ಷರ ಬರೆದು ಕಳಿಸಿದ ಕಾಗದ ನೋಡಿ ಡಿಸೈನ್ ಮಾಸ್ತರ ಚೌಕಳಿ ಕಾಗದದ ಮೇಲೆ ಚಿತ್ರ ತೆಗೆದ. ಅದರ ಒಂದೊಂದು ಚೌಕಕ್ಕೆ ಸರಿಯಾಗಿ ರಟ್ಟಿನ ಪಟ್ಟಿಗಳಲ್ಲಿ ತೂತು ಹೊಡೆದ. ಆ ಪಟ್ಟಿಗಳನ್ನು ಮಾಲೆಯಂತೆ ಪೋಣಿಸಿ ಮಗ್ಗದ ನೆತ್ತಿಯ ಮೇಲೆ ತೂಗುಬಿಡುತ್ತಿದ್ದರು. ತೂತಿದ್ದಲ್ಲಿ ನೂಲು ಏಳುತ್ತದೆ, ಇಲ್ಲದಲ್ಲಿ ಮಲಗುತ್ತದೆ. ಹೂವು, ನವಿಲು, ಅಕ್ಷರ ಎಲ್ಲ ಹುಟ್ಟುವುದು ಹಾಗೆ. ಮಾಸ್ತರನ ಕೈಯಲ್ಲಿ ನವಿಲು ಕುಣಿಯುತ್ತಿತ್ತು. ಆದರೆ ಅವನಿಗೂ ಅಕ್ಷರ ಒಂದು ಚಿತ್ರವೇ. ಓದಲು ಬರುತ್ತಿರಲಿಲ್ಲ.

ಮಾದರಿ ನೇಯುವ ಕೆಲಸ ಅಪ್ಪನಿಗೆ ಬಿತ್ತು. ಎರಡು ಚಾದರ ಮಗ್ಗದಿಂದ ಇಳಿದ ದಿನ ನಾನು ಬುತ್ತಿ ಒಯ್ದಿದ್ದೆ. ಚಾದರಗಳನ್ನು ನೆಲದ ಮೇಲೆ ಹಾಸಿದ್ದರು. ನಡೆಯುತ್ತಿದ್ದ ಇನ್ನೆರಡು ಮಗ್ಗದವರೂ ನೋಡಲು ಎದ್ದು ಬಂದಿದ್ದರು. ಅಪ್ಪ ಮಗ್ಗದಲ್ಲಿ ಕೂತು, ಕಾರಖಾನೆಯಲ್ಲೇ ಇಟ್ಟುಕೊಳ್ಳಲೆಂದು ಮೂರನೆಯದನ್ನು ಹಿಡಿದಿದ್ದ. ಮಾಲಕರು ಸೊಂಟಕ್ಕೆ ಕೈಕೊಟ್ಟು ನಿಂತು, "ಭಲೇ ಮಾಸ್ತರ!" ಎನ್ನುತ್ತಿದ್ದರು. ಚಿಗವ್ವ ಕಂಡಿಕೆಯ ಬುಟ್ಟಿ ಹೊತ್ತು ಬಂದವಳು ಬುಟ್ಟಿ ಇಳಿಸಿದಳು. ಚಾದರದ ಪಕ್ಕ ಕುಕ್ಕರಗಾಲಲ್ಲಿ ಕೂತಳು. ಬೆರಳು ನೂಲಿನ ಅಕ್ಷರದ ಮೇಲೆ ಹೊರಟಿತು. ತುಟಿ ಅಲ್ಲಾಡಿದವು. ಬೆರಳು ನಿಂತಿತು. ಮತ್ತೆ ಮೊದಲಿನಿಂದ ಹೊರಟಿತು.

"ಮಾಲಕ್ರ, ಇದು ತಪ್ಪ್ಯಾದ್ರಿ" ಅಂದಳು.

"ಏನ್ ತಪ್ಪು?"

"ಇದು ಸುಖೀ ಅಲ್ರೀ. ಸುರವೀ ಅಂತ ಆಗ್ಯಾದ. ತಳ ಕೂಡಿಲ್ಲ."

ಮಾಸ್ತರನ ಮುಖ ಬಿಗಿಯಿತು. "ನಾ ಕಾಗದ ನೋಡೇ ಮಾಡೇನಿ. ಒಂದ್ ಚೌಕಾನೂ ಬಿಟ್ಟಿಲ್ಲ" ಅಂದ.

ಮಾಲಕರಿಗೆ ಸಿಟ್ಟು ಬಂತು. ಅವರಿಗೆ ಲೆಕ್ಕ ಗೊತ್ತು, ಸಹಿ ಗೊತ್ತು, ಅದಕ್ಕಿಂತ ಮುಂದೆ ಇಲ್ಲ. "ಕಂಡಿಕಿ ಸುತ್ತಾಕಿ ನನಗ ಅಕ್ಷರಾ ಕಲಸ್ತಿ? ನಾಕ್ ದಿನಾ ಸಾಲಿಗೆ ಹೋಗಿ ಬಂದಿ ಅಂತ..." ಎಂದವರೇ ಬಾಗಿಲಲ್ಲಿ ನಿಂತ ನನ್ನನ್ನು ಕಂಡರು. "ಏ ಹುಡುಗಿ, ನೀ ಸಾಲಿ ಕಲಿಯಾಕಿ. ಬಾ ಇಲ್ಲೆ, ಓದು."

ನಾನು ಹೋಗಿ ನೋಡಿದೆ. ಚಾದರದಲ್ಲಿ ಏನು ನೇಯುತ್ತಿದ್ದಾರೆಂದು ವಾರದಿಂದ ಮನೆಯಲ್ಲಿ ಕೇಳಿ ಕೇಳಿ ಬಾಯಿಪಾಠವಾಗಿತ್ತು. ಒಂದೇ ನೋಟಕ್ಕೆ, ದೊಡ್ಡ ದನಿಯಲ್ಲಿ, "ಸುಖೀ ಭವ!" ಎಂದೆ.

ಎಲ್ಲರೂ ನಕ್ಕರು. ಮಾಸ್ತರ ತೊಡೆ ತಟ್ಟಿಕೊಂಡ. ಚಿಗವ್ವ ಮಾತ್ರ ನನ್ನತ್ತ ನೋಡಿದಳು. ಆ ನೋಟ ಇವತ್ತಿಗೂ ನನ್ನನ್ನು ಬಿಟ್ಟಿಲ್ಲ. ಅದರಲ್ಲಿ ಸಿಟ್ಟಿರಲಿಲ್ಲ. ದಿನಾ ಸಂಜೆ ನನ್ನ ಪಕ್ಕ ಕೂತು ಕಲಿತವಳನ್ನು ನಾನೇ ಎಲ್ಲರೆದುರು ಕೆಳಗೆ ಕೆಡವಿದ್ದೆ. ಅವಳು ಮೆಲ್ಲಗೆ ನನ್ನ ಕೈ ಹಿಡಿದು ಪಕ್ಕ ಕೂರಿಸಿಕೊಂಡಳು.

"ಅವಸರ ಮಾಡಬ್ಯಾಡವ್ವಾ. ನಿನ್ನ ತಲ್ಯಾಗಿದ್ದದ್ದ ಓದಬ್ಯಾಡ, ಇಲ್ಲಿದ್ದದ್ದ ಓದು. ಬೆರಳಿಟ್ಟು ಓದು."

ಬೆರಳಿಟ್ಟೆ. ಸು... ರ... ನನ್ನ ಬೆರಳು 'ರ' ದಾಟಿ 'ವ'ಗೆ ಹೋಗುವಾಗ ನಡುವೆ ಬರೀ ಕೆಂಪು ನೂಲು ಸಿಕ್ಕಿತು. ಎರಡನ್ನೂ ಕೂಡಿಸುವ ಬಿಳಿಯ ನೂಲಿನ ಕೊಂಡಿ ಇರಲಿಲ್ಲ. ನನ್ನ ಕಿವಿ ಬಿಸಿಯಾದವು.

"ಹೌದು. ಸುರವೀ ಅಂತ ಅದ" ಎಂದೆ.

"ಆಗಳೇ ಒಂದ್ ಅಂದಿ, ಈಗ ಒಂದ್ ಅಂತಿ" ಎಂದು ಮಾಲಕರು ಕೈಬೀಸಿದರು. "ಸಂಜಿ ಗಾಡಿಗೆ ಮಾದರಿ ಹೋಗಬೇಕು. ಕಟ್ರಿ ಇವನ್ನ."

ಚಿಗವ್ವ ಎದ್ದು ಚಾದರದ ಮುಂದೆ ನಿಂತಳು. ಸೆರಗು ಬಿಗಿದು ಸಿಗಿಸಿಕೊಂಡಿದ್ದಳು.

"ಸಾಲಿ ಅಕ್ಕೋರು ಇಲ್ಲೇ ಹಿಂದಿನ ಓಣ್ಯಾಗ ಅದಾರ್ರಿ. ಕರೀರಿ. ನಂದು ತಪ್ಪಾದ್ರ ನಾಳಿಂದ ಈ ಬಾಗಲಾ ತುಳಿಯೂದಿಲ್ಲ ನಾ."

ಆಗ ಕಾರಖಾನೆಯಲ್ಲಿ ನಡೆಯುತ್ತಿದ್ದ ಒಂದೇ ಸದ್ದು, ಅಪ್ಪನ ಮಗ್ಗದ ಸದ್ದು, ನಿಂತುಹೋಯಿತು. ಅಪ್ಪ ಮಗ್ಗದ ಕುಣಿಯಿಂದ ಕಾಲು ತೆಗೆದು ಹೊರಗೆ ಬಂದಿದ್ದ. ಎಂದೂ ಮಾಲಕರ ಮುಂದೆ ತಲೆಯೆತ್ತಿ ಮಾತಾಡಿದವನಲ್ಲ. "ಅಕ್ಕೋರು ಬಂದು ಹೋಗಲಿ, ಮಾಲಕ್ರ. ಅಲ್ಲೀ ತನಕ ನಾ ನೇಯೂದಿಲ್ಲ" ಎಂದ. ಅಕ್ಕೋರನ್ನು ಕರೆತರಲು ನನ್ನನ್ನೇ ಓಡಿಸಿದರು.

ಅಕ್ಕೋರು ಕೊಡೆ ಹಿಡಿದುಕೊಂಡೇ ಬಂದರು. ಬಿಸಿಲಿನಿಂದ ಒಳಗೆ ಬಂದವರು ಒಂದು ಗಳಿಗೆ ಕಣ್ಣು ಕಿರಿದು ಮಾಡಿ ಚಾದರ ನೋಡಿದರು. ಯಾರೂ ಏನೂ ಹೇಳಿರಲಿಲ್ಲ. "ಸುರವೀ ಭವ? ಹೇ ಕಾಯ್, ಏನಿದು?" ಎಂದರು. ಆಮೇಲೆ ಚಿಗವ್ವನ ಮುಖ ನೋಡಿದರು. ಏನು ನಡೆದಿದೆ ಎಂದು ಅವರಿಗೆ ತಾನಾಗಿ ತಿಳಿಯಿತು. ಕೊಡೆ ಕೆಳಗಿಟ್ಟು ಅವಳ ಎರಡೂ ಕೈ ಹಿಡಿದುಕೊಂಡರು.

ಮುಂಬೈಯ ಕಾಗದ ತರಿಸಿ ನೋಡಿದರು. ಕಾಗದವನ್ನು ಮಡಿಚಿದ ಗೆರೆ ಸರಿಯಾಗಿ 'ಖ'ದ ತಳದ ಮೇಲೆ ಹಾದು, ಶಾಯಿ ಉಜ್ಜಿಹೋಗಿತ್ತು. ಮಾಸ್ತರ ಕಂಡದ್ದನ್ನು ಕಂಡಂತೆ ತೆಗೆದಿದ್ದ. ಅವನೇ ಏಣಿ ಹಾಕಿ, ಮಗ್ಗದ ಮೇಲಿನ ಎರಡು ಪಟ್ಟಿ ಬಿಡಿಸಿ ತಂದು, ಚಿಗವ್ವನ ಮುಂದೆ ಇಟ್ಟ. "ಎಲ್ಲಿ ಕೂಡಬೇಕು ತೋರಸು, ಅಕ್ಕಾ" ಅಂದ. ಅವಳು ಚೌಕಳಿ ಕಾಗದದಲ್ಲಿ ಬೆರಳಿಟ್ಟು ತೋರಿಸಿದಳು. ಮೂರೇ ತೂತು ಹೊಡೆದ. ಮಾದರಿ ಒಂದು ದಿನ ತಡವಾಗಿ ಹೋಯಿತು, ಸರಿಯಾಗಿ ಹೋಯಿತು. ಹದಿನೈದು ದಿನಕ್ಕೆ ಒಪ್ಪಿಗೆಯ ತಂತಿ ಬಂತು. ಎಂಟೂ ಮಗ್ಗ ಸುರುವಾದ ದಿನ ನಮ್ಮ ಓಣಿಯಲ್ಲಿ ಮಾತಾಡಿದರೆ ಕೇಳುತ್ತಿರಲಿಲ್ಲ. ಅಷ್ಟು ಸಪ್ಪಳ! ಅಷ್ಟು ಚೆಂದದ ಸಪ್ಪಳವನ್ನು ನಾನು ಮತ್ತೆ ಕೇಳಿಲ್ಲ.

ಮಾಲಕರು ಕ್ಷಮೆ ಕೇಳುವ ಜಾತಿಯವರಲ್ಲ. ಆದರೆ ಅಕ್ಷರವಿದ್ದ ಯಾವ ಕೆಲಸ ಬಂದರೂ ಚಿಗವ್ವ ಮಾಸ್ತರನ ಪಕ್ಕ ಕೂಡಬೇಕೆಂದು ಹೇಳಿದರು. ಪಕ್ಕ ಕೂತವಳು ಸುಮ್ಮನೆ ಕೂಡುತ್ತಾಳೆಯೇ? ಚೌಕ ಎಣಿಸಲು ಕಲಿತಳು, ಪಟ್ಟಿ ಕತ್ತರಿಸಲು ಕಲಿತಳು. ಎರಡು ವರ್ಷದಲ್ಲಿ ಮಾಸ್ತರ ಚಿತ್ರ ತೆಗೆದರೆ ತೂತು ಹೊಡೆಯುವುದು ಪೂರ್ತಿ ಅವಳದೇ ಆಯಿತು. ಆದರೆ ಅವಳ ರಾಟಿ ಆ ಬೇಸಿಗೆಯಲ್ಲೇ ಖಾಲಿಯಾಗಿತ್ತು, ಅದರ ಮುಂದೆ ನಾನು ಕೂಡಬೇಕಿತ್ತು. ಒಂದು ಸಂಜೆ ಅವಳೇ ಅಪ್ಪನ ಹತ್ತಿರ ಬಂದಳು.

"ಅಣ್ಣಾ, ಆ ರಾಟಿ ನಾ ಬಿಟ್ಟೀನಿ. ಖರೇ, ಅದು ಈಕಿ ಸಲವಾಗಿ ಬಿಟ್ಟಿದ್ದಲ್ಲ."

ಅಪ್ಪ ತಲೆ ಕೆರೆದುಕೊಂಡು ನಕ್ಕ. "ಗೊತ್ತಾಗ್ಯಾದ ತಂಗೀ. ಅವತ್ತೇ ಗೊತ್ತಾಗ್ಯಾದ" ಅಂದ. ನಾನು ಐದನೆಯ ಇಯತ್ತೆಗೆ ಹೋದದ್ದು, ಅಲ್ಲಿಂದ ಮುಂದೆ ಹೋದದ್ದೆಲ್ಲ ಆ ಒಂದು ಮಾತಿನ ಮೇಲೆ.

ಮುಂದಿನ ವರ್ಷ ಅವಳು ಇನ್ನೊಂದು ಹಟ ಹಿಡಿದಳು. ಕಂಡಿಕೆ ಸುತ್ತುವ ಹೆಂಗಸರಿಗೆ ಕಾರಖಾನೆಯಲ್ಲೇ ದಿನಾ ಒಂದು ತಾಸು ಅಕ್ಷರ ಕಲಿಸಬೇಕು. "ಒಂದ್ ತಾಸು ಕೆಲಸ ಹಾಳಾಗ್ತದಲ್ಲ" ಎಂದರು ಮಾಲಕರು. "ಆ ಒಂದ್ ತಾಸ ಇಲ್ಲದ್ದಕ್ಕ ನಿಮ್ಮ ಎರಡ್ ಚಾದರ ಹಾಳಾದುವಲ್ರೀ" ಎಂದಳು ಇವಳು. ಮಾಲಕರು ಒಪ್ಪಿದರು. ವರ್ಗ ಸುರುವಾದ ಮೊದಲ ದಿನವೇ ಜಗಳ. ಹೊಸದಾಗಿ ಬೌದ್ಧರಾಗಿದ್ದ ಮನೆಯ ಒಬ್ಬಳು ಎಳೆಯ ಮಗಳನ್ನು ಕಂಕುಳಲ್ಲಿ ಎತ್ತಿಕೊಂಡು ಬಂದು ಬಾಗಿಲಲ್ಲೇ ನಿಂತಿದ್ದಳು. ಅವಳು ಚಾಪೆಯ ಮೇಲೆ ಬಂದರೆ ತಾವು ಏಳುತ್ತೇವೆಂದು ಇಬ್ಬರು ಅಂದರು. ಚಿಗವ್ವ ಜಗಳಾಡಲಿಲ್ಲ. ಚಾಪೆ ಸುತ್ತಿ ಗೋಡೆಗೆ ನಿಲ್ಲಿಸಿದಳು. "ಎಲ್ಲಾರೂ ನೆಲದ ಮ್ಯಾಲ ಕೂಡೂಣು" ಎಂದು ತಾನು ಹೋಗಿ ಬಾಗಿಲಿನವಳ ಪಕ್ಕ ಕೂತಳು. ಎದ್ದುಹೋದ ಇಬ್ಬರೂ ವಾರದೊಳಗೆ ತಿರುಗಿ ಬಂದರು. ಉಳಿದವರು ತಮಗಿಂತ ಮುಂದೆ ಹೋಗುತ್ತಿದ್ದಾರೆಂಬ ಸಂಕಟ ತಡೆಯಲಾಗಲಿಲ್ಲ, ಪಾಪ.

ಒಮ್ಮೆ ಅವಳ ತವರಿಗೆ ನಾನೂ ಹೋದೆ. ಎಸ್‌ಟಿ ನಿಲ್ದಾಣದಲ್ಲಿ ಅವಳು ಬಸ್ಸು ಹತ್ತುವುದನ್ನೇ ಮರೆತು ಹಲಗೆ ಓದುತ್ತ ನಿಂತಳು. "ಮಂದ್ರೂಪ... ಮಂಗಳವೇಢೆ... ಅಕ್ಕಲಕೋಟ... ದುಧನಿ..." ಗಂಟು ಹೊತ್ತ ಒಬ್ಬ ಮುದುಕಿಗೆ ಅವಳ ಗಾಡಿ ತೋರಿಸಿ, ಹತ್ತಿಸಿ, ಕಿಟಕಿಯ ಹೊರಗಿನಿಂದ ಮತ್ತೊಮ್ಮೆ ಹಲಗೆ ಓದಿ ಹೇಳಿದಳು. ನಮ್ಮ ಬಸ್ಸು ಹೊರಟೇಬಿಟ್ಟಿತ್ತು. ನಾವಿಬ್ಬರೂ ಓಡಿ ಹತ್ತಿದೆವು. ಹತ್ತಿ ಕೂತು, ಏದುಸಿರು ಬಿಡುತ್ತ, ಅವಳು ಚಿಕ್ಕ ಹುಡುಗಿಯ ಹಾಗೆ ನಕ್ಕಳು. ಅಕ್ಕಲಕೋಟೆ ದಾಟುವ ತನಕ ಆ ನಗು ನಿಲ್ಲಲಿಲ್ಲ. ಮೈಂದರ್ಗಿಯ ಹಲಗೆ ಕಂಡಾಗ ನಿಂತಿತು. ಅವಳು ಸೆರಗಿನಿಂದ ಕಣ್ಣೊರೆಸಿಕೊಂಡು ಇಳಿದಳು...

ನಾನು ಮ್ಯಾಟ್ರಿಕ್ ಆದೆ. ಕಾಲೇಜು ಮುಗಿಸಿ, ಬೇರೆ ಊರಿನಲ್ಲಿ ಅರ್ಥಶಾಸ್ತ್ರ ಕಲಿಸುವವಳಾದೆ. ಮೊದಲ ರಜೆಗೆ ಬಂದಾಗ ಅವಳು ಕೇಳಿದಳು: "ಅದೇನ್ ಕಲಸ್ತಿಯವ್ವಾ ನೀ?" ಬಡ ದೇಶ ಹೇಗೆ ಮುಂದೆ ಬರುತ್ತದೆ, ಅದಕ್ಕೆ ಏನೇನು ಬೇಕು ಎಂದು ಕಲಿಸುತ್ತೇನೆ ಎಂದೆ. ನೀರು, ವಿದ್ಯುತ್ತು, ಯಂತ್ರ, ಬಂಡವಾಳ ಎಂದು ಬೆರಳು ಮಡಿಚುತ್ತ ಹೋದೆ. ಅವಳು ಪೂರ್ತಿ ಕೇಳಿ, "ಮಗ್ಗ ಇದ್ದವು. ನೂಲೂ ಇತ್ತು. ನಿಮ್ಮಪ್ಪನಂಥಾ ನೇಯಾವ ಇದ್ದಾ. ಆದ್ರೂ ಎರಡ್ ಚಾದರ ಹಾಳಾದುವಲ್ಲ?" ಎಂದಳು. ನಾನು ಮುಂದೆ ಮೂವತ್ತು ವರ್ಷ ಆ ಪಾಠವನ್ನು ಅಲ್ಲಿಂದಲೇ ಸುರು ಮಾಡಿದೆ. ಎಲ್ಲಿಂದ ಬಂದದ್ದೆಂದು ಮಕ್ಕಳಿಗೆ ಹೇಳುತ್ತಿದ್ದೆ. ಅವಳಿಗೆ ಮಾತ್ರ ಹೇಳಲಿಲ್ಲ. ಹೇಳೋಣ, ಮುಂದಿನ ರಜೆಗೆ ಹೇಳೋಣ ಎನ್ನುತ್ತಿದ್ದಂತೆ ಒಂದು ಮಳೆಗಾಲ ಅವಳು ಹೋಗಿಬಿಟ್ಟಳು. ನನಗೆ ಸುದ್ದಿ ಮುಟ್ಟುವಷ್ಟರಲ್ಲಿ ಎಲ್ಲ ಮುಗಿದಿತ್ತು. ಹೆಗಲು ಕೊಡಲು ಅಣ್ಣಂದಿರು ಬರುವುದು ತಡವಾಯಿತಂತೆ. ಅವಳ ಹತ್ತಿರ ಓದು ಕಲಿತ ಹೆಂಗಸರು ಯಾರನ್ನೂ ಕೇಳದೆ ತಾವೇ ಹೊತ್ತು ನಡೆದರಂತೆ. ಹೆಂಗಸರು ಹೆಗಲು ಕೊಡುವುದನ್ನು ಸೊಲ್ಲಾಪುರದ ನಮ್ಮ ಓಣಿ ಅಂದೇ ಮೊದಲು ನೋಡಿತು.

ಅವಳದೊಂದು ಫೋಟೋ ನನ್ನಲ್ಲಿಲ್ಲ. ಆ ಕಾರಖಾನೆ ಇಲ್ಲ, ವಾಡೆಯೂ ಇಲ್ಲ. ಅವಳನ್ನು ಕಂಡವರು ಒಬ್ಬೊಬ್ಬರಾಗಿ ಕಡಿಮೆಯಾದರು...

ನಿನ್ನೆ ಸೊಲ್ಲಾಪುರದ ಒಂದು ಸಾಲೆಯಲ್ಲಿ ಮುಖ್ಯಾಧ್ಯಾಪಿಕೆಯ ನಿವೃತ್ತಿಯ ಸಮಾರಂಭವಿತ್ತು, ಕರೆದಿದ್ದರು, ಹೋದೆ. ಕಾರಖಾನೆಯ ವರ್ಗದ ಬಾಗಿಲಲ್ಲಿ ನಿಂತಿದ್ದ ಆ ತಾಯಿಯ ಕಂಕುಳಲ್ಲಿದ್ದ ಕೂಸೇ ಇವಳು. ಹಾರ ಹಾಕಿಸಿಕೊಂಡು ಮಾತಾಡಲು ನಿಂತವಳು ಮೊದಲು ತನ್ನ ತಾಯಿಯ ಹೆಸರು ಹೇಳಿದಳು. ಆಮೇಲೆ, ತಾಯಿಗೆ ಅಕ್ಷರ ಕಲಿಸಿದವಳೆಂದು ಇನ್ನೊಂದು ಹೆಸರು ಹೇಳಿದಳು. ಚಿಗವ್ವನ ಪೂರ್ತಿ ಹೆಸರು, ಅಡ್ಡಹೆಸರಿನ ಸಮೇತ. ಅದನ್ನು ನಾನು ಇನ್ನೊಬ್ಬರ ಬಾಯಲ್ಲಿ ಕೇಳಿ ಎಷ್ಟು ವರ್ಷವಾಗಿತ್ತೋ. ಸಭೆ ಸುಮ್ಮನಿತ್ತು, ಯಾರಿಗೂ ಗೊತ್ತಿಲ್ಲದ ಹೆಸರು. ನಾನು ಕುರ್ಚಿ ಹಿಡಿದು ಎದ್ದು ನಿಂತೆ, ಒಬ್ಬಳೇ ಚಪ್ಪಾಳೆ ತಟ್ಟಿದೆ. ಮುಂದಿನ ಸಾಲಿನ ಹುಡುಗಿಯರು ತಿರುಗಿ ನನ್ನನ್ನು ನೋಡಿದರು, ತಾವೂ ಎದ್ದು ತಟ್ಟತೊಡಗಿದರು. ಆಮೇಲೆ ಇಡೀ ಸಾಲೆ ಎದ್ದು ನಿಂತಿತು. ಆ ಸಪ್ಪಳದ ನಡುವೆ ನಿಂತು, ಯಾರಿಗೂ ಕೇಳದ ಹಾಗೆ, ನಾನು ಚಿಗವ್ವನಿಗೆ ಹೇಳದೆ ಉಳಿದದ್ದನ್ನು ಹೇಳಿದೆ.